ಡಾಕ್ಟರಮ್ಮ ಎರಡು ಸಲ ಬಿದ್ದದ್ದು

ಆಕೆ ಕೂತು ಊಟ ಮಾಡಿದ್ದನ್ನು ನಾನು ನೋಡಿಯೇ ಇಲ್ಲ. ನಮ್ಮ ಮನೆಗೆ ಕರೆದರೂ ಅಷ್ಟೇ, ಸನ್ನಿವೇಲ್ ದೇವಸ್ಥಾನದ ಹಾಲಿನಲ್ಲಿ ಯುಗಾದಿ ಊಟವಾದರೂ ಅಷ್ಟೇ. ತಟ್ಟೆಯನ್ನು ಎಡಗೈಯಲ್ಲಿ ಹಿಡಿದು ಗೋಡೆಗೆ ಒರಗಿ ನಿಂತು, ನಾವು ಕೋಸಂಬರಿ ಮುಗಿಸುವಷ್ಟರಲ್ಲಿ ಮಜ್ಜಿಗೆ ಅನ್ನವನ್ನೂ ಮುಗಿಸಿ ಕೈ ತೊಳೆದು ಬಂದಿರುತ್ತಿದ್ದರು. "ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರಾ ನಿಮ್ಮನ್ನ?" ಎಂದು ಕೇಳಿದರೆ "ಬರೋರು ಹೇಳ್ಬುಟ್ಟು ಬತ್ತಾರಾ?" ಎನ್ನುವರು. ರೇಷ್ಮೆ ಸೀರೆಯ ಕೆಳಗೆ ಬಿಳಿ ಸ್ನೀಕರ್ಸು, ಮುಡಿಯಲ್ಲಿ ಮಲ್ಲಿಗೆಯ ಪಕ್ಕ ಸಿಕ್ಕಿಸಿದ ಒಂದು ಬಾಲ್ ಪೆನ್ನು. ಯಾರನ್ನು ಕಂಡರೂ ಅವರು ಮೊದಲು ನೋಡುತ್ತಿದ್ದದ್ದು ಮುಖವನ್ನಲ್ಲ, ಪಾದವನ್ನು. "ಕಾಲು ಊದ್ಕಂಡದೆ, ಉಪ್ಪಿನಕಾಯಿ ಜಾಸ್ತಿ ಆಯ್ತು ಅಂತ ಕಾಣ್ತದೆ" ಎಂದು ನಮಸ್ಕಾರಕ್ಕೂ ಮೊದಲೇ ಹೇಳಿಬಿಡುವರು. ಅವರ ಮುಂದೆ ಹೊಸ ಚಪ್ಪಲಿ ಹಾಕಿಕೊಂಡು ಹೋಗಲು ನಮಗೆಲ್ಲ ಸ್ವಲ್ಪ ಹೆದರಿಕೆಯೇ.

ಬೇ ಏರಿಯಾದ ಕನ್ನಡದವರೆಲ್ಲ ಅವರನ್ನು ಡಾಕ್ಟರಮ್ಮ ಎಂದು ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ಅವರು ಡಾಕ್ಟರ್ ಆಗಿರಲಿಲ್ಲ ಎನ್ನುವುದೊಂದನ್ನು ಬಿಟ್ಟರೆ ಆ ಹೆಸರಿನಲ್ಲಿ ಯಾವ ತಪ್ಪೂ ಇರಲಿಲ್ಲ.

ಇದು ಹೇಗಾಯಿತೆಂದು ಹೇಳಬೇಕಾದರೆ ಸರಟೋಗಾದ ರಾಯರನ್ನು ಕರೆತರಬೇಕು. ರಾಯರು ನಮ್ಮ ಕನ್ನಡ ಕೂಟದ ಹಿರಿಯರು, ಮೈಸೂರಿನವರು, ಗುಡ್ಡದ ಬದಿಯಲ್ಲಿ ದೊಡ್ಡ ಮನೆ. ಒಳ್ಳೆಯ ಮನುಷ್ಯ, ಆದರೆ ಮೈಕು ಕೈಗೆ ಸಿಕ್ಕರೆ ಯಾರನ್ನೂ ಸಾಧಾರಣ ಮನುಷ್ಯರಾಗಿ ಉಳಿಯಲು ಬಿಡುವುದಿಲ್ಲ. ಒಂದು ರಾಜ್ಯೋತ್ಸವದ ದಿನ ಹೊಸದಾಗಿ ಕೂಟಕ್ಕೆ ಬಂದಿದ್ದ ಈ ಮಂಡ್ಯದ ಹೆಂಗಸನ್ನು "ಏನು ಮಾಡ್ಕೊಂಡಿದೀರಿ?" ಎಂದು ವಿಚಾರಿಸಿದರಂತೆ. "ಆಸ್ಪತ್ರೇಲಿದೀನಿ, ಹಾರ್ಟ್ ವಾರ್ಡು" ಎಂದಿದ್ದಾರೆ ಇವರು. ಐದು ನಿಮಿಷದ ಮೇಲೆ ವೇದಿಕೆಯಿಂದ "ಖ್ಯಾತ ಹೃದ್ರೋಗ ತಜ್ಞೆ ಈಗ ದೀಪ ಬೆಳಗುತ್ತಾರೆ" ಎಂದು ಕರೆ ಬಂತು. ಇವರು ಹೋಗಿ ದೀಪ ಹಚ್ಚಿ ಬಂದರು. "ದೀಪ ಹಚ್ಚಕ್ಕೆ ಬೆಂಕಿಪೊಟ್ಟಣ ಸಾಕಲ್ವಾ, ಡಿಗ್ರಿ ಯಾಕೆ ಅಂತ ಸುಮ್ನಾದೆ ಕನವ್ವ" ಎಂದು ಆಮೇಲೆ ನನಗೆ ಹೇಳಿದರು.

ಸುಮ್ಮನಾದೆ ಎಂದರೂ ಪೂರ್ತಿ ಸುಮ್ಮನಾಗಿರಲಿಲ್ಲ. ಅದೇ ದಿನ ಊಟದ ಹೊತ್ತಿನಲ್ಲಿ ರಾಯರ ಹತ್ತಿರ ಹೋಗಿ "ನಾ ಡಾಕ್ಟ್ರಲ್ಲ ಕಣ್ರೀ, ನರ್ಸು" ಎಂದು ಹೇಳಿದ್ದರು. ರಾಯರು ಕೈಮುಗಿದು ಸುತ್ತ ಇದ್ದವರ ಕಡೆ ತಿರುಗಿ "ನೋಡಿ, ಎಷ್ಟು ಸರಳ ಜೀವ. ಅಷ್ಟು ದೊಡ್ಡ ಡಾಕ್ಟರು, ತಮ್ಮನ್ನ ನರ್ಸು ಅಂತ ಹೇಳ್ಕೊಳ್ತಾರೆ" ಎಂದರಂತೆ. ಅಲ್ಲಿಗೆ ಮುಗಿಯಿತು. ಆಮೇಲೆ ಎಷ್ಟು ಸಲ ಹೇಳಿದರೂ ಅವರ ಸರಳತೆಯ ಕೀರ್ತಿ ಬೆಳೆಯಿತೇ ಹೊರತು ಡಾಕ್ಟರಿಕೆ ಕಡಿಮೆಯಾಗಲಿಲ್ಲ. ನಮ್ಮ ಜನಕ್ಕೆ ಆಸ್ಪತ್ರೆಯಲ್ಲಿ ಇರುವುದು ಎರಡೇ ಜಾತಿ, ಒಂದು ಡಾಕ್ಟರು, ಇನ್ನೊಂದು ರೋಗಿ. ರೋಗಿಯಲ್ಲ ಎಂದ ಮೇಲೆ ಇನ್ನೇನು.

ಹೀಗಾಗಿ ಯಾವ ಕಾರ್ಯಕ್ರಮಕ್ಕೆ ಹೋದರೂ ಪಾಯಸ ಬಡಿಸುವ ಹೊತ್ತಿಗೆ ಇವರ ಸುತ್ತ ಜನ. ಫೋನಿನಲ್ಲಿ ರಕ್ತ ಪರೀಕ್ಷೆಯ ರಿಪೋರ್ಟು ತೆಗೆದು ಹಿಡಿಯುವರು. ಎಲ್ಲರಿಗಿಂತ ಮುಂದೆ ರಾಯರು. ಇವರು ಕನ್ನಡಕ ಮೇಲೆ ಸರಿಸಿ, ಗಂಭೀರವಾಗಿ ನೋಡಿ, ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು. "ನಿಮ್ ಡಾಕ್ಟ್ರು ಏನಂದ್ರು? ಅದ್ನೇ ಮಾಡಿ." ಬೇಕೆಂದರೆ ಮೇಲೊಂದಿಷ್ಟು "ವಸಿ ಉಪ್ಪು ಕಮ್ಮಿ ಮಾಡಿ." ಕೇಳಿದವರು ಧನ್ಯರಾಗಿ ಹೋಗುತ್ತಿದ್ದರು. ಇಬ್ಬರು ಡಾಕ್ಟರುಗಳದ್ದೂ ಒಂದೇ ಅಭಿಪ್ರಾಯ ಎಂದರೆ ಕಾಯಿಲೆಗೂ ಒಂದು ಮರ್ಯಾದೆ ಬಂದ ಹಾಗೆ.

ನನಗೆ ಮಾತ್ರ ನಿಜ ಗೊತ್ತಿತ್ತು. ನಾವಿದ್ದ ಅಪಾರ್ಟ್‌ಮೆಂಟಿನಲ್ಲೇ ಕೆಳಗಿನ ಮನೆ ಅವರದ್ದು. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಒಂದು ದಿನ ಲಾಂಡ್ರಿ ರೂಮಿನಲ್ಲಿ ನಾನು ಬೆಡ್‌ಶೀಟು ಮಡಿಸುವುದನ್ನು ನೋಡಲಾರದೆ ಕೈಯಿಂದ ಕಿತ್ತುಕೊಂಡು ಮಡಿಸಿದರು. "ಡಾಕ್ಟ್ರಿಗೆ ಇದೆಲ್ಲ ಹೆಂಗೆ ಬರತ್ತೆ?" ಎಂದು ನಾನು ಕೇಳಿದೆ. "ಡಾಕ್ಟ್ರಿಗೆ ಬರಲ್ಲ, ನರ್ಸ್‌ಗೆ ಬತ್ತದೆ" ಎಂದರು. ಮದ್ದೂರಿನ ಹತ್ತಿರದ ಹಳ್ಳಿ, ಮೈಸೂರಿನಲ್ಲಿ ನರ್ಸಿಂಗು, ಆಮೇಲೆ ಕೊಲ್ಲಿ ದೇಶ, ಆಮೇಲೆ ಇಲ್ಲಿ, ಎಲ್ಲವನ್ನೂ ಒಂದು ಡ್ರೈಯರ್ ತಿರುಗುವಷ್ಟರಲ್ಲಿ ಹೇಳಿ ಮುಗಿಸಿದರು. ನಾನು ನಂಬಿದೆ ಎಂದು ಗೊತ್ತಾದಾಗ ಅವರಿಗೆ ಆಶ್ಚರ್ಯವೇ ಆಯಿತು. ಅಂದಿನಿಂದ ನಾನು ಅವರ ಗುಟ್ಟಿನ ಜೊತೆಗಾತಿಯಾದೆ. ಯಾರಾದರೂ "ಡಾಕ್ಟರಮ್ಮ" ಎಂದಾಗಲೆಲ್ಲ ಅವರು ಜನರ ತಲೆಯ ಮೇಲಿಂದ ನನ್ನ ಕಡೆ ಒಂದು ಕಣ್ಣು ಹೊಡೆಯುತ್ತಿದ್ದರು.

ಆ ತಮಾಷೆ ನಮ್ಮ ಮನೆಗೇ ಬಂದು ಕೂತದ್ದು ನನ್ನ ಮಗಳು ಸಿರಿ ಕಾಲೇಜಿಗೆ ಹೊರಟ ವರ್ಷ.

ಸಿರಿಗೆ ನರ್ಸಿಂಗ್ ಓದಬೇಕಿತ್ತು. ಹೈಸ್ಕೂಲಿನಲ್ಲಿದ್ದಾಗ ಒಂದು ಆಸ್ಪತ್ರೆಯಲ್ಲಿ ವಾಲಂಟಿಯರ್ ಆಗಿ ನೀರು ಕೊಡುವುದು, ಗಾಲಿ ಕುರ್ಚಿ ತಳ್ಳುವುದು ಮಾಡುತ್ತಿದ್ದಳು. ಅಲ್ಲಿಂದ ಬಂದವಳೇ ಒಂದು ದಿನ ನಿರ್ಧಾರ ಹೇಳಿದಳು. "ಡಾಕ್ಟರ್ಸ್ ಬಂದು ಹೋಗ್ತಾರೆ ಅಮ್ಮ. ನರ್ಸಸ್ ಸ್ಟೇ. ಐ ವಾಂಟ್ ಟು ಬಿ ದ ಒನ್ ಹೂ ಸ್ಟೇಸ್." ನಾನು ಅವಳ ತಲೆ ಸವರಿದೆ. ನಮ್ಮ ಯಜಮಾನರಿಗೆ ಬಿ.ಪಿ. ಏರಿತು.

ನಮ್ಮ ಯಜಮಾನರು ಕೆಟ್ಟವರಲ್ಲ. ಮಂಡ್ಯದವರು, ಚಿಪ್ಪು ಮಾಡುವ ಕಂಪನಿಯಲ್ಲಿ ಎಂಜಿನಿಯರು, ಮಗಳೆಂದರೆ ಪ್ರಾಣ. ಆದರೆ ಅವರ ತಲೆಯಲ್ಲಿ ಒಂದು ಎಕ್ಸೆಲ್ ಶೀಟಿದೆ, ಅದರಲ್ಲಿ ಕಾಲಮ್ಮಿಲ್ಲದ ವಿಷಯ ಪ್ರಪಂಚದಲ್ಲಿ ಇರುವ ಹಾಗಿಲ್ಲ. ಸಿರಿಗೆ ಮೂರು ಕಡೆ ಸೀಟು ಸಿಕ್ಕಿತ್ತು. ಒಂದು ದಕ್ಷಿಣದಲ್ಲಿರುವ ಭಾರೀ ಹೆಸರಿನ ಯೂನಿವರ್ಸಿಟಿ, ಬಯಾಲಜಿ. ಇನ್ನೆರಡು ಇಲ್ಲೇ ಸುತ್ತಮುತ್ತಲ ಕಾಲೇಜುಗಳು, ನರ್ಸಿಂಗು. ತಿಂಗಳ ಕೊನೆಯೊಳಗೆ ಯಾವುದಾದರೂ ಒಂದಕ್ಕೆ ಹೂಂ ಅನ್ನಬೇಕು. ಅಪ್ಪನ ಸಹಿಯಿಲ್ಲದೆ ಓದಿನ ಖರ್ಚು ನಡೆಯುವುದಿಲ್ಲ, ಅಪ್ಪನ ಪೆನ್ನು ಬಯಾಲಜಿ ಬಿಟ್ಟು ಆಚೆ ಅಲ್ಲಾಡುತ್ತಿಲ್ಲ. "ಬಯಾಲಜಿ ಮಾಡ್ಲಿ, ಆಮೇಲೆ ಡಾಕ್ಟ್ರಾಗ್ಲಿ. ಬೆಡ್‌ಪ್ಯಾನ್ ಎತ್ತೋಕಾ ನಾವು ಇಷ್ಟು ದೂರ ಬಂದಿದ್ದು? ನಾಳೆ ಕೂಟದಲ್ಲಿ ರಾಯರು ಕೇಳಿದ್ರೆ ಏನಂತ ಹೇಳ್ಲಿ?" ಎಂಬುದು ಅವರ ವಾದ. ಸಿರಿ ಜಗಳ ಮಾಡುವ ಹುಡುಗಿಯಲ್ಲ. ಊಟ ಕಡಿಮೆ ಮಾಡಿದಳು, ಬಾಗಿಲು ಹಾಕಿಕೊಳ್ಳುವುದು ಹೆಚ್ಚಾಯಿತು. ನನಗೆ ಅದು ಜಗಳಕ್ಕಿಂತ ಕಷ್ಟವಾಯಿತು. ಈ ಮಗು ಅಪ್ಪನ ಮಾತಿಗೆ ಕಟ್ಟುಬಿದ್ದು ಹೋಗಿ, ಇಷ್ಟವಿಲ್ಲದ್ದನ್ನು ನಾಲ್ಕು ವರ್ಷ ಓದಿ, ಜೀವಮಾನವಿಡೀ ನಗುನಗುತ್ತಾ ಒಳಗೊಳಗೇ ಒಣಗುತ್ತಾಳೆ ಎಂದು ನನಗೆ ಹೆದರಿಕೆಯಾಗಿತ್ತು.

ಕೊನೆಗೆ ಯಜಮಾನರೇ ಒಂದು ಉಪಾಯ ಹುಡುಕಿದರು. "ಡಾಕ್ಟರಮ್ಮನ ಹತ್ರ ಕರ್ಕೊಂಡು ಹೋಗೋಣ. ನನ್ನ ಮಾತು ಕೇಳದಿದ್ರೂ ಅವರ ಮಾತು ಕೇಳ್ತಾಳೆ. ಅಷ್ಟು ದೊಡ್ಡ ಡಾಕ್ಟ್ರು, ನರ್ಸ್ ಕೆಲಸ ಏನು ಅಂತ ಹತ್ತಿರದಿಂದ ನೋಡಿರ್ತಾರೆ."

ನಾನು ಪಾತ್ರೆ ತೊಳೆಯುತ್ತಿದ್ದೆ. ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿ, "ತುಂಬ ಹತ್ತಿರದಿಂದ ನೋಡಿರ್ತಾರೆ ರೀ, ಖಂಡಿತ ಹೋಗೋಣ" ಎಂದೆ.

ಭಾನುವಾರ ಕೆಳಗಿನ ಮನೆಗೆ ಮೂವರೂ ಹೋದೆವು. ವಿಷಯ ಏನೆಂದು ನಾನು ಮೊದಲೇ ಅವರ ಕಿವಿಗೆ ಹಾಕಿದ್ದೆ, ಹಾಗಾಗಿ ಬಸ್ಸಾರು, ಮುದ್ದೆ ತಯಾರಾಗಿತ್ತು. ಮುದ್ದೆ ನುಂಗುವಾಗ ಮಂಡ್ಯದವರು ವಾದ ಮಾಡುವುದಿಲ್ಲ ಎಂಬುದು ಅವರ ಲೆಕ್ಕ. ನಮ್ಮನ್ನು ಕೂರಿಸಿ, ತಾವು ಎಂದಿನಂತೆ ನಿಂತು, ಯಜಮಾನರ ದೂರನ್ನೆಲ್ಲ ಕೇಳಿಸಿಕೊಂಡರು.

"ನರ್ಸಿಂಗೇ ಮಾಡ್ಲಿ ಬುಡಪ್ಪ" ಎಂದರು. "ನಾನೂ ಅದ್ನೇ ಮಾಡಿದ್ದು."

ಯಜಮಾನರು ಜೋರಾಗಿ ನಕ್ಕರು. "ನಿಮ್ಮ ತಮಾಷೆ ಇದ್ದದ್ದೇ ಬಿಡಿ. ಸೀರಿಯಸ್ಸಾಗಿ ಹೇಳಿ ಅಮ್ಮ."

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ಸಾರು ನೋಡಿದೆ. "ಸೀರಿಯಸ್ಸಾಗಿ ಹೇಳ್ಬೇಕು ಅಂದ್ರೆ ಕಾಲೇಜು ನೋಡ್ಬೇಕು" ಎಂದರು ಅವರು. "ನಮ್ಮಪ್ಪ ನನ್ನ ಸೇರಿಸುವಾಗ ನೋಡಿದ್ದು ಒಂದೇ, ಕಾಲೇಜಿಂದ ಬಸ್ ಸ್ಟ್ಯಾಂಡು ಎಷ್ಟು ದೂರ ಅಂತ. ಅತ್ಕೊಂಡು ವಾಪಸ್ ಬರಕ್ಕೆ ಸುಲಭವಾಗ್ಲಿ ಅಂತ ಹತ್ರ ಇರೋದ್ಕೆ ಸೇರಿಸ್ದ. ನಾ ಬರ್ಲೇ ಇಲ್ಲ. ಈ ಕೂಸಿಗೆ ವಸಿ ಚೆನ್ನಾಗಿ ನೋಡೇ ಸೇರಿಸವಾ. ಎರಡೂ ನರ್ಸಿಂಗ್ ಕಾಲೇಜಿಗೆ ನಾನೂ ಬತ್ತೀನಿ."

ಕಾಲೇಜು ನೋಡಿದ ಮೇಲೆ ಅವರೇ ಛೀ ಅನ್ನುತ್ತಾರೆ ಎಂಬ ಧೈರ್ಯದಲ್ಲಿ ಯಜಮಾನರು ಒಪ್ಪಿದರು. ಮೇಲೆ ಹತ್ತಿ ಬರುವಾಗ "ನೋಡ್ತಿರು, ಅವರ ದಾರೀನೇ ಬೇರೆ" ಎಂದರು. ಅದು ಮಾತ್ರ ನಿಜವಾಯಿತು.

ಮೊದಲನೆಯ ಕಾಲೇಜು ಯಜಮಾನರ ಶೀಟಿನಲ್ಲಿ ಮೇಲಿದ್ದದ್ದು. ನರ್ಸಿಂಗೇ ಆಗಬೇಕಿದ್ದರೆ ಇದಾದರೂ ಆಗಲಿ ಎನ್ನುವಂಥದ್ದು. ಪೂರ್ತಿ ಗಾಜಿನ ಕಟ್ಟಡ, ಒಳಗೆ ಮಲಗಿ ಉಸಿರಾಡುವ, ಕೆಮ್ಮುವ, ಕಣ್ಣು ಪಿಳಿಪಿಳಿಸುವ ಬೊಂಬೆ ರೋಗಿಗಳು. ಟೂರು ಮಾಡಿಸುತ್ತಿದ್ದ ಹುಡುಗ ಹಿಂದು ಹಿಂದಕ್ಕೆ ನಡೆಯುತ್ತಾ ಅಚ್ಚುಕಟ್ಟಾಗಿ ವಿವರಿಸುತ್ತಿದ್ದ. ಡಾಕ್ಟರಮ್ಮ ಒಂದು ಬೊಂಬೆಯ ಕೆನ್ನೆ ತಟ್ಟಿ, "ಇವನು ಬೈಯ್ತಾನಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹುಡುಗ ಇಲ್ಲ ಎಂದ. "ವಾಂತಿ ಮಾಡ್ತಾನಾ, ಎದ್ದು ಓಡಿ ಹೋಯ್ತಾನಾ, ನಿಮ್ಮ ಕೈ ಹಿಡ್ಕಂಡು ಬುಡಲ್ಲ ಅಂತಾನಾ?" ಅದೂ ಇಲ್ಲ. "ಹಂಗಾದ್ರೆ ನಿಜವಾದ ಮನುಷ್ಯರ್ನ ಯಾವಾಗ ಮುಟ್ಟೋದು?" ಮೂರನೆಯ ವರ್ಷದಲ್ಲಿ ಎಂದ. ಯಜಮಾನರು ನನ್ನ ಮೊಣಕೈ ತಿವಿದು "ಶುರುವಾಯ್ತು ನೋಡು" ಎಂದರು, ಖುಷಿಯಲ್ಲಿ.

ಹೊರಗೆ ಹುಲ್ಲುಹಾಸಿನ ಹತ್ತಿರ ಬಂದಾಗ ಡಾಕ್ಟರಮ್ಮ ಕನ್ನಡಕ ತೆಗೆದು ನನ್ನ ಕೈಗಿಟ್ಟರು. "ವಸಿ ಹಿಡ್ಕ" ಎಂದರು. ಒರೆಸಿಕೊಡಲಿ ಎಂದುಕೊಂಡು ನಾನು ಸೆರಗು ಹುಡುಕುತ್ತಿದ್ದೆ, ನೋಡಿದರೆ ಅವರು ಮೆಲ್ಲಗೆ ಕುಸಿದು ಹುಲ್ಲಿನ ಮೇಲೆ ಮಲಗಿಬಿಟ್ಟಿದ್ದರು.

ಆಮೇಲೆ ನಡೆದದ್ದು ಹೇಳಿಕೊಳ್ಳುವಂಥದ್ದಲ್ಲ. ಯಜಮಾನರು "ನೀರು, ನೀರು" ಎನ್ನುತ್ತಾ ನೀರಿಲ್ಲದ ದಿಕ್ಕಿಗೆ ಓಡಿದರು. ನಾನು ಅವರ ಕನ್ನಡಕವನ್ನು ಎದೆಗವಚಿಕೊಂಡು ಗುಬ್ಬಚ್ಚಿಯ ಹಾಗೆ ಬಾಯಿ ಬಿಟ್ಟು ನಿಂತೆ. ಟೂರಿನ ಹುಡುಗ ತನ್ನ ಮೇಲಿನವರಿಗೆ ಫೋನ್ ಮಾಡಿದ, ಅವರು ಇನ್ನೊಬ್ಬರಿಗೆ ಮಾಡಿದರು. ಹಾದು ಹೋಗುತ್ತಿದ್ದ ವಿದ್ಯಾರ್ಥಿಗಳು ಸುತ್ತ ನಿಂತರು, ಪಾಪ, ಕಾಳಜಿಯಿಂದಲೇ ನಿಂತರು, ಆದರೆ ಎಲ್ಲರೂ ಒಂದು ಮಾರು ದೂರದಲ್ಲಿ. ಕೊನೆಗೆ ಗಾಲ್ಫ್ ಗಾಡಿಯಲ್ಲಿ ಒಬ್ಬ ಸೆಕ್ಯೂರಿಟಿಯವನು ಬಂದು ನನ್ನನ್ನು, ಬಿದ್ದವರ ಹುಟ್ಟಿದ ತಾರೀಕು ಯಾವುದೆಂದು ಕೇಳಿದ.

ಅಷ್ಟು ಜನರಲ್ಲಿ ನೆಲದ ಮೇಲೆ ಕೂತವಳು ಸಿರಿ ಒಬ್ಬಳೇ. ತನ್ನ ಬ್ಯಾಗನ್ನು ಅವರ ಕಾಲಿನ ಕೆಳಗೆ ಇಟ್ಟು, ಕೈ ಹಿಡಿದುಕೊಂಡು, ನಡುಗುವ ಧ್ವನಿಯಲ್ಲಿ "ಅಜ್ಜಿ, ನಾನಿದೀನಿ. ಅಜ್ಜಿ, ಇಲ್ಲೇ ಇದೀನಿ" ಎನ್ನುತ್ತಿದ್ದಳು. ಡಾಕ್ಟರಮ್ಮ ಒಂದು ಕಣ್ಣು ಬಿಟ್ಟು ಅವಳನ್ನು ನೋಡಿದರು. ಎದ್ದು ಕೂತು, ಸೀರೆ ಕೊಡವಿಕೊಂಡು, ಎಲ್ಲರಿಗೂ ಥ್ಯಾಂಕ್ಸ್ ಹೇಳಿ, ಈಗ ಆರಾಮಾಗಿದೀನಿ ಎಂದರು. ಯಜಮಾನರು ಎಲ್ಲಿಂದಲೋ ಒಂದು ಕೋಕ್ ಹಿಡಿದುಕೊಂಡು ಏದುಸಿರು ಬಿಡುತ್ತಾ ಬಂದರು. ಅದನ್ನು ಅವರು ಅರ್ಧ ಕುಡಿದು ಉಳಿದದ್ದನ್ನು ಯಜಮಾನರಿಗೇ ಕೊಟ್ಟರು, "ನೀ ಕುಡಿ, ನಿನ್ ಮುಖ ನೋಡಕ್ಕಾಗ್ತಿಲ್ಲ" ಎಂದು.

ಅಂದು ಸಂಜೆ ನಾನು ಕೆಳಗೆ ಹೋಗಿ ಚೆನ್ನಾಗಿ ಬೈದೆ. ಅವರು ನಗುತ್ತಾ ಕೇಳಿಸಿಕೊಂಡರು. "ಕಾಲೇಜ್ ನೋಡೋದು ಹಿಂಗೇ ಕನವ್ವ. ಗಾಜು ನೋಡಿದ್ರೆ ನನ್ ಮುಖ ಕಾಣ್ತದೆ, ಅಷ್ಟೇ. ಬಿದ್ದೋರ ಹತ್ರ ಮೊದಲು ಯಾರು ಕೂತ್ಕತ್ತಾರೆ ಅಂತ ನೋಡ್ಬೇಕು. ನಿನ್ ಮಗಳು ಕೂತ್ಕಂಡ್ಲಲ್ಲ, ಅವಳದು ಪಾಸಾಯ್ತು. ಕಾಲೇಜಿಂದು ನಪಾಸು."

"ಮುಂದಿನ ವಾರವೂ ಬೀಳ್ತೀರಾ?" ಎಂದು ಕೇಳಿದೆ.

"ಒಂದ್ ಕಡೆ ಬಿದ್ದು ಇನ್ನೊಂದ್ ಕಡೆ ಬೀಳ್ದಿದ್ರೆ ನ್ಯಾಯವಾಗಲ್ಲ" ಎಂದರು.

ಎರಡನೆಯ ಕಾಲೇಜು ವಾಲ್ನಟ್ ಕ್ರೀಕಿನಿಂದ ಸ್ವಲ್ಪ ಆಚೆ, ಫ್ರೀವೇ ಪಕ್ಕದಲ್ಲಿ. ಬಣ್ಣ ಮಾಸಿದ ಕಟ್ಟಡ, ಎದುರಿಗೆ ಟೈರಿನ ಅಂಗಡಿ. ಪಾರ್ಕಿಂಗಿನಲ್ಲೇ ಯಜಮಾನರ ಮುಖ ಸಣ್ಣದಾಯಿತು. ಶೀಟಿನಲ್ಲಿ ಇದು ಕೊನೆಯ ಸಾಲು. ಸಿರಿ ಮಾತ್ರ ಕುತೂಹಲದಿಂದ ಆಚೀಚೆ ನೋಡುತ್ತಿದ್ದಳು. ಇಲ್ಲಿ ಎರಡನೆಯ ವರ್ಷದಿಂದಲೇ ಆಸ್ಪತ್ರೆಗೆ ಕಳಿಸುತ್ತಾರೆ ಎಂದು ಅವಳು ಓದಿಕೊಂಡಿದ್ದಳು. ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದ ವಿದ್ಯಾರ್ಥಿಗಳು ನೀಲಿ ಬಟ್ಟೆಯಲ್ಲೇ ಕಟ್ಟೆಯ ಮೇಲೆ ಕೂತು ಊಟ ಮಾಡುತ್ತಿದ್ದರು. ಡಾಕ್ಟರಮ್ಮ ಎಲ್ಲರ ಕಾಲಿನ ಕಡೆ ಒಮ್ಮೆ ಕಣ್ಣಾಡಿಸಿದರು. "ಶೂ ಸವೆದದೆ, ಒಳ್ಳೇದು" ಎಂದರು. ಆಮೇಲೆ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು.

ಈ ಸಲ ನಾನು ಹೆದರಲಿಲ್ಲ. ನಗು ಬಾರದಂತೆ ತುಟಿ ಕಚ್ಚಿಕೊಂಡೆ.

ಅವರು ನೆಲ ಮುಟ್ಟುವಷ್ಟರಲ್ಲಿ ಕಟ್ಟೆಯ ಮೇಲಿದ್ದ ಒಬ್ಬಳು ಗುಂಡು ಮುಖದ ಹುಡುಗಿ ತಾನು ತಿನ್ನುತ್ತಿದ್ದ ಬರಿಟೋವನ್ನು ಹಾಗೇ ಕಲ್ಲಿನ ಮೇಲೆ ಇಟ್ಟು ಬಂದು ಪಕ್ಕದಲ್ಲಿ ಕೂತಳು. ಒಬ್ಬಳಿಗೆ ಫೋನ್ ಮಾಡು ಎಂದಳು, ಇನ್ನೊಬ್ಬನಿಗೆ ಬಿಸಿಲಿಗೆ ಅಡ್ಡ ನಿಲ್ಲು ಎಂದಳು. ಕೈ ಹಿಡಿದುಕೊಂಡು ಸಮಾಧಾನ ಮಾಡುವವಳಂತೆ ಮಾತಾಡುತ್ತಲೇ ಬೆರಳನ್ನು ನಾಡಿಯ ಮೇಲೆ ಇಟ್ಟಿದ್ದಳು. ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದಳು. "ಉಪ್ಪಿಟ್ಟು" ಎಂದರು ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡೇ. ಹುಡುಗಿ ಗಡಿಯಾರ ನೋಡುತ್ತಾ ನಾಡಿ ಎಣಿಸಿದಳು. ಆಮೇಲೆ ಬಗ್ಗಿ, ನಮಗಷ್ಟೇ ಕೇಳುವ ಹಾಗೆ, ಅಮ್ಮಾ, ನಿಮ್ಮ ನಾಡಿ ನನ್ನದಕ್ಕಿಂತ ಚೆನ್ನಾಗಿದೆ, ಆದರೂ ನಿಮಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಾನು ಇಲ್ಲೇ ಕೂತಿರುತ್ತೇನೆ ಎಂದಳು.

ಡಾಕ್ಟರಮ್ಮ ಕಣ್ಣು ಬಿಟ್ಟರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. "ಕಳ್ಳಿ ಸಿಕ್ಕಾಕ್ಕಂಡ್ಲು" ಎಂದು ತಮ್ಮ ಎದೆ ಮುಟ್ಟಿಕೊಂಡು ನನಗೆ ಹೇಳಿ ಎದ್ದು ಕೂತರು.

ಅಷ್ಟರಲ್ಲಿ ಗದ್ದಲ ಕೇಳಿ ಒಳಗಿನಿಂದ ಒಬ್ಬ ಹೆಂಗಸು ಓಡಿಬಂದರು. ಫಿಲಿಪೈನ್ಸಿನವರು, ನರೆತ ಕೂದಲು, ಕೊರಳಲ್ಲಿ ಕಾಲೇಜಿನ ಗುರುತಿನ ಚೀಟಿ. ನರ್ಸಿಂಗ್ ವಿಭಾಗದ ಮುಖ್ಯಸ್ಥೆ ಎಂದು ಆಮೇಲೆ ಗೊತ್ತಾಯಿತು. ಬಂದವರು ಸೀರೆ ಸರಿಪಡಿಸಿಕೊಳ್ಳುತ್ತಿದ್ದ ಡಾಕ್ಟರಮ್ಮನನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ. "ನೀನಾ? ಹೊಸ ನರ್ಸುಗಳು ಬಂದಾಗಲೆಲ್ಲ ವಾರ್ಡಿನಲ್ಲಿ ಬಿದ್ದು ಹೆದರಿಸುತ್ತಿದ್ದವಳು ರಿಟೈರಾದ ಮೇಲೂ ಬಿಡಲಿಲ್ಲವಾ?" ಆಮೇಲೆ ಅವರನ್ನು ಬಿಗಿಯಾಗಿ ಅಪ್ಪಿಕೊಂಡು ನಮ್ಮ ಕಡೆ ತಿರುಗಿ, "ನನ್ನ ಮೊದಲ ಚಾರ್ಜ್ ನರ್ಸ್, ಅಂದರೆ ವಾರ್ಡಿನ ಮೇಲ್ವಿಚಾರಕಿ, ಇವಳು. ಇವಳಷ್ಟು ಕಟುವಾದ ನರ್ಸನ್ನು ನಾನು ನೋಡಿಲ್ಲ. ಇವಳಷ್ಟು ಒಳ್ಳೆಯವಳನ್ನೂ ನೋಡಿಲ್ಲ" ಎಂದರು.

ಯಜಮಾನರ ಕೈಯಲ್ಲಿದ್ದ ನೀರಿನ ಬಾಟಲಿ ಓರೆಯಾಗಿ ಅವರ ಶೂ ಮೇಲೆಯೇ ಸುರಿಯುತ್ತಿತ್ತು. ಅಚ್ಚಗನ್ನಡದಲ್ಲಿ ಎಷ್ಟು ವರ್ಷ ಹೇಳಿದರೂ ತಲೆಗೆ ಇಳಿಯದ್ದು, ಕೊರಳಿಗೆ ಕಾರ್ಡು ಹಾಕಿಕೊಂಡವರು ಇಂಗ್ಲಿಷಿನಲ್ಲಿ ಒಂದು ಸಲ ಹೇಳಿದ ಕೂಡಲೇ ಇಳಿಯಿತು. ನನ್ನ ಕಡೆ ತಿರುಗಿ "ನಿಂಗೆ ಗೊತ್ತಿತ್ತಾ?" ಎಂದರು.

"ನೀವು ಕೇಳ್ಲಿಲ್ವಲ್ಲ" ಎಂದೆ.

ವಾಪಸ್ ಹೊರಟೆವು. ಸುನೋಲ್ ಗುಡ್ಡದ ಏರಿನಲ್ಲಿ ಟ್ರಾಫಿಕ್ಕು ನಿಂತಿತು. ಯಜಮಾನರು ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡುತ್ತಾ, "ನಾವೆಲ್ಲ ಡಾಕ್ಟರಮ್ಮ, ಡಾಕ್ಟರಮ್ಮ ಅಂತಿದ್ವಲ್ಲ, ನಿಮಗೆ ಬೇಜಾರಾಗ್ತಿರ್ಲಿಲ್ವಾ?" ಎಂದು ಕೇಳಿದರು.

"ನಿಮ್ಗೆ ಬೇಜಾರಾದೀತು ಅಂತ ನಾ ಸುಮ್ನಿದ್ದೆ ಕನಪ್ಪ" ಎಂದರು ಅವರು.

"ಅದು ನಿಮ್ಮ ಫ್ರೆಂಡ್ ಇರೋ ಕಾಲೇಜು ಅಂತ ಹೇಳ್ದೇನೇ ಕರ್ಕೊಂಡು ಬಂದ್ರಿ. ಇದು ಮೋಸ ಅಲ್ವಾ?"

"ಇನ್ನೇನು, ವೈರಿ ಇರೋ ಕಡೆ ಸೇರ್ಸನಾ ಕೂಸ್ನ? ಅವಳ ಕೈಲಿ ಕಲಿತೋರು ಹೆಂಗಿರ್ತಾರೆ ಅಂತ ನನಗೆ ಗೊತ್ತು. ಆದ್ರೂ ಗೊತ್ತು ಅಂತ ಹೇಳಿದ್ರೆ ನೀ ನಂಬ್ತಿರ್ಲಿಲ್ಲ. ಅದ್ಕೇ ಬಿದ್ದಿದ್ದು." ಸ್ವಲ್ಪ ಮುಂದಕ್ಕೆ ಬಾಗಿ ಯಜಮಾನರ ಸೀಟಿನ ಮೇಲೆ ಕೈಯಿಟ್ಟರು. "ಲೋ, ಇಲ್ಲಿ ಕೇಳು. ನಿನ್ ಕೊಲೆಸ್ಟ್ರಾಲ್ ರಿಪೋರ್ಟು ನನಗೆ ತೋರಿಸ್ದೆ. ನಿನ್ ಗ್ಯಾಸ್ ಟ್ರಬಲ್ಲು ಹೆಂಡ್ತಿಗಿಂತ ಮೊದ್ಲು ನನಗೆ ಹೇಳ್ದೆ. ನಿಮ್ಮವ್ವಂಗೆ ಮಂಡಿ ಆಪರೇಷನ್ನು ಮಾಡಿಸ್ಲಾ ಬ್ಯಾಡ್ವಾ ಅಂತ ನನ್ನ ಕೇಳೇ ಮಾಡಿಸ್ದೆ. ಅಷ್ಟೂ ಕೇಳಿದ್ದು ಒಬ್ಬಳು ನರ್ಸನ್ನ ಕಣ್ಲಾ. ನಿಮ್ಮವ್ವನ ಮಂಡೀನೇ ನಂಬಿ ಬುಟ್ಟೋನು, ಮಗಳ ಆಸೆ ಒಂದ್ನ ನಂಬಕ್ಕಾಗಲ್ವಾ?"

ನಾನು ಕಿಟಕಿಯ ಕಡೆ ತಿರುಗಿದೆ. ಯಜಮಾನರು ಎರಡು ಕೈಯಲ್ಲೂ ಸ್ಟಿಯರಿಂಗ್ ಹಿಡಿದು ಕಾರನ್ನು ಏರು ದಾಟಿಸಿ ಇಳಿಜಾರಿಗೆ ತಂದರು.

"ಬೆಡ್‌ಪ್ಯಾನ್ ಎತ್ತಬೇಕಾಗತ್ತೆ" ಎಂದರು, ರಸ್ತೆಯ ಮೇಲೇ ಕಣ್ಣಿಟ್ಟು.

"ಗೊತ್ತು ಅಪ್ಪ" ಎಂದಳು ಸಿರಿ.

"ಹಬ್ಬದ ದಿನಾನೂ ಡ್ಯೂಟಿ ಇರತ್ತೆ."

"ಐ ನೋ ಅಪ್ಪ."

"ಕೂತು ಊಟ ಮಾಡೋಕೂ ಟೈಮ್ ಸಿಗಲ್ಲ." ಹೀಗೆಂದವರು ತಟಕ್ಕನೆ ನಿಲ್ಲಿಸಿ, ಮತ್ತೆ ಕನ್ನಡಿಯಲ್ಲಿ ನೋಡಿದರು. "ಅಮ್ಮ, ನೀವು ನಿಂತ್ಕೊಂಡು ಊಟ ಮಾಡೋದು ಅದಕ್ಕೇನಾ?"

"ಅಂತೂ ಒಂದು ಪ್ರಶ್ನೆ ಕೇಳ್ದೆ" ಎಂದರು ಡಾಕ್ಟರಮ್ಮ. ಯಜಮಾನರು ಕಣ್ಣೊರೆಸಿಕೊಂಡರು, ಬಿಸಿಲು ಎಂದರು. ಬಿಸಿಲು ನಮ್ಮ ಬೆನ್ನ ಹಿಂದಿತ್ತು. ಮನೆಗೆ ಬಂದ ಮೇಲೆ ಶೂ ಬಿಚ್ಚುವ ಮೊದಲೇ ಮಗಳನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ಟೈರಿನ ಅಂಗಡಿಯ ಎದುರಿನ ಕಾಲೇಜಿಗೆ ಹೂಂ ಎನ್ನಿಸಿದರು.

ಹಾಗಂತ ಅವರು ಒಂದೇ ದಿನದಲ್ಲಿ ಬದಲಾದರು ಎಂದು ತಿಳಿಯಬೇಡಿ. ಬಹಳ ದಿನ ಕೂಟದಲ್ಲಿ ಯಾರಾದರೂ ಕೇಳಿದರೆ "ಹೆಲ್ತ್ ಸೈಡು" ಎನ್ನುತ್ತಿದ್ದರು, ಹೊಟ್ಟೆನೋವನ್ನು ಹೊಟ್ಟೆ ಸೈಡು ಎಂದ ಹಾಗೆ. ಆಗೆಲ್ಲ ಹಿಂದಿನಿಂದ ಡಾಕ್ಟರಮ್ಮ ಗಟ್ಟಿಯಾಗಿ ಕೆಮ್ಮುವರು. ಸಿರಿ ರಜೆಗೆ ಬಂದಾಗ ನಮ್ಮ ಮನೆಯಲ್ಲಿ ಬ್ಯಾಗಿಟ್ಟು ಕೆಳಗಿನ ಮನೆಗೆ ಓಡುತ್ತಿದ್ದಳು. ಅಜ್ಜಿಯನ್ನೇ ಮಂಚದ ಮೇಲೆ ಮಲಗಿಸಿ, ಅವರು ಮಲಗಿದ್ದ ಹಾಗೇ ಹಾಸಿಗೆಯ ಶೀಟು ಬದಲಾಯಿಸುವುದನ್ನು ಕಲಿತಳು. ನಮ್ಮ ಜೊತೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ ಅಲ್ಲಿಂದ ಬರುವಾಗ "ವಸಿ", "ಬುಡು", "ಕನಮ್ಮ" ಹೊತ್ತುಕೊಂಡು ಬರುತ್ತಿದ್ದಳು. ಹಾಸನದವಳಾದ ನಾನು ಇಷ್ಟು ವರ್ಷ ಹೇಳಿಕೊಟ್ಟ ಕನ್ನಡ ಎಲ್ಲಿ ಹೋಯಿತೋ ದೇವರಿಗೇ ಗೊತ್ತು.

ಕಳೆದ ಚಳಿಗಾಲದಲ್ಲಿ ಅವರ ಹೃದಯವೇ ಕೈಕೊಟ್ಟಿತು. ಆಸ್ಪತ್ರೆಯಲ್ಲಿದ್ದಾಗ ಮೂರನೆಯ ವರ್ಷದಲ್ಲಿದ್ದ ಸಿರಿ ಬಿಡುವಾದಾಗಲೆಲ್ಲ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಒಂದು ಮಧ್ಯಾಹ್ನ ಅವರು ಕನ್ನಡಕ ತೆಗೆದು ಸಿರಿಯ ಕೈಗಿಟ್ಟು "ಹಿಡ್ಕ" ಎಂದರು. ಸಿರಿ ನಗಲು ಪ್ರಯತ್ನಿಸುತ್ತಾ "ಅಜ್ಜಿ, ಆ್ಯಕ್ಟಿಂಗ್ ತಾನೆ?" ಎಂದಳು. "ಈ ಸಲ ಅಲ್ಲ ಕಣಮ್ಮಿ" ಎಂದರು. ಸಿರಿ ಎದ್ದು ಹೋಗಲಿಲ್ಲ. ಕೊನೆಯವರೆಗೂ ಕೈ ಬಿಡಲಿಲ್ಲ. ನಾನು ಬಾಗಿಲ ಹತ್ತಿರ ನಿಂತು ಅತ್ತೆ, ಇದನ್ನು ಬರೆಯುವಾಗಲೂ ಅಳು ಬರುತ್ತಿದೆ. ಇಡೀ ಬೇ ಏರಿಯಾದಲ್ಲಿ ನನಗೆ ಕಣ್ಣು ಹೊಡೆಯುವವರು ಈಗ ಯಾರೂ ಇಲ್ಲ.

ದೇವಸ್ಥಾನದ ಹಾಲಿನಲ್ಲಿ ಅವರನ್ನು ನೆನೆಯಲು ಎಲ್ಲರೂ ಸೇರಿದೆವು. ರಾಯರು ಮೈಕು ಹಿಡಿದು, ನಮ್ಮ ಹೆಮ್ಮೆಯ ಹೃದ್ರೋಗ ತಜ್ಞೆ ಎಂದು ಶುರು ಮಾಡಿ ಅವರ ಕೈಯಲ್ಲಿ ಎಷ್ಟೋ ಆಪರೇಷನ್ನುಗಳನ್ನೂ ಮಾಡಿಸಿಬಿಟ್ಟರು. ಅವರು ಇಳಿದ ಮೇಲೆ ನಮ್ಮ ಯಜಮಾನರು ಎದ್ದು ಹೋದರು. ಸಭೆಯಲ್ಲಿ ಎಂದೂ ಬಾಯಿ ಬಿಟ್ಟವರಲ್ಲ. "ಅವರು ಡಾಕ್ಟರಲ್ಲ, ನರ್ಸು. ತುಂಬ ದೊಡ್ಡ ನರ್ಸು. ನನ್ನ ಮಗಳೂ ನರ್ಸಿಂಗ್ ಓದ್ತಿದಾಳೆ, ಅವರು ಆರಿಸಿದ ಕಾಲೇಜಲ್ಲಿ" ಎಂದು ಹೇಳಿ, ಮೈಕು ಇಟ್ಟು, ಬಂದು ಕೂತರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಬ್ಬ, ಅಂತೂ ಇವತ್ತಿಗೆ ಈ ಜನಕ್ಕೆ ತಿಳಿಯಿತು ಎಂದು ನಾನು ನಿಟ್ಟುಸಿರು ಬಿಟ್ಟೆ.

ಊಟದ ಹೊತ್ತಿಗೆ ರಾಯರು ನಮ್ಮನ್ನು ಹುಡುಕಿಕೊಂಡು ಬಂದರು. ಯಜಮಾನರ ಭುಜ ತಟ್ಟಿ "ಚೆನ್ನಾಗಿ ಹೇಳಿದ್ರಿ. ಸಾಯೋವರೆಗೂ ಆಕೆ ಹಾಗೇ ಹೇಳ್ಕೊಂಡ್ರು, ಆ ಸರಳತೆ ನಿಮಗೂ ಬಂದಿದೆ" ಎಂದರು. ಆಮೇಲೆ ಸಿರಿಯ ಕಡೆ ತಿರುಗಿ ಫೋನು ತೆಗೆದರು. "ಡಾಕ್ಟರೇ, ಈ ರಿಪೋರ್ಟ್ ಸ್ವಲ್ಪ ನೋಡಮ್ಮ. ಇನ್ಮೇಲೆ ನಮಗೆ ನೀನೇ ಗತಿ."

"ಅಂಕಲ್, ನಾನು ನರ್ಸಿಂಗ್ ಸ್ಟೂಡೆಂಟು."

"ಗೊತ್ತಮ್ಮ, ಗೊತ್ತು" ಎಂದು ರಾಯರು ಕೈಮುಗಿದರು.

ಸಿರಿ ಗೋಡೆಗೆ ಒರಗಿ ನಿಂತು ಊಟ ಮಾಡುತ್ತಿದ್ದಳು. ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಮೊದಲು ರಾಯರ ಪಾದಗಳನ್ನು ನೋಡಿದಳು, ಆಮೇಲೆ ಗಂಭೀರವಾಗಿ ಫೋನನ್ನು ನೋಡಿದಳು.

"ನಿಮ್ ಡಾಕ್ಟ್ರು ಏನಂದ್ರು ಅಂಕಲ್? ಅದ್ನೇ ಮಾಡಿ" ಎಂದಳು. "ವಸಿ ಉಪ್ಪು ಕಮ್ಮಿ ಮಾಡಿ."

ರಾಯರು ಧನ್ಯರಾಗಿ ಹೋದರು. ಅವರ ತಲೆಯ ಮೇಲಿಂದ ನನ್ನ ಮಗಳು ನನ್ನ ಕಡೆ ಒಂದು ಕಣ್ಣು ಹೊಡೆದಳು.